ಎಡಗೈ ಮೊದಲು

ಬೆಂಚಿನ ಮೇಲೆ ಕುಳಿತ ಆ ಹೆಂಗಸು ತಮ್ಮ ಬಲಗೈಯ ಕಿರುಬೆರಳನ್ನು ಎಡಗೈಯಿಂದ ಎತ್ತಿ ನಿಲ್ಲಿಸುತ್ತಿದ್ದರು. ಬಿಟ್ಟ ಕೂಡಲೇ ಅದು ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದರು, ಮತ್ತೆ ಬೀಳುತ್ತಿತ್ತು. ಬೆಳಿಗ್ಗೆ ಏಳದ ಮಗುವನ್ನು ಶಾಲೆಗೆ ಎಬ್ಬಿಸುವ ತಾಯಿಯ ಹಾಗೆ ಅವರ ಮುಖದಲ್ಲಿ ಸಿಟ್ಟೂ ನಗುವೂ ಒಟ್ಟಿಗೇ ಇದ್ದವು.

"ಯಾವಾಗಿಂದ ಹಿಂಗಾತಮ್ಮ?" ಎಂದೆ.

"ಮೊನ್ನಿಯಿಂದ ನೋಡ್ರಿ. ಚಾದ ಲೋಟ ಕೆಳಗಿಟ್ಟೆ. ಲೋಟ ಇಳೀತು, ಇದು ಏಳಲಿಲ್ಲ. ನೋವಿಲ್ಲ, ಸಪ್ಪಳಿಲ್ಲ. ಹೇಳದೆ ಕೇಳದೆ ಹೋಗೇಬಿಡ್ತು."

ಪಕ್ಕದಲ್ಲಿ ನಿಂತಿದ್ದ ಅವರ ಯಜಮಾನರು ಹರಿಹರದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. "ಆಕಿ ಹೇಳಿದ್ದು ಆಕಿ ಬೆರಳೇ ಕೇಳವಲ್ದು ಸರ್, ಇನ್ನ ನಾನು ಕೇಳ್ತೀನಾ" ಎಂದರು.

"ನೀವು ಕೇಳಿದ್ದು ಯಾವತ್ತೈತೆ?" ಎಂದರು ಆಕೆ, ಬೆರಳನ್ನು ಮತ್ತೆ ಎತ್ತುತ್ತ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಎರಡನೇ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿ. ವಿನೋಬನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆದ್ದರಿಂದ ನನ್ನ ಬಿಳಿ ಕೋಟು ಬಿಳಿಯಾಗಿರಲು ಒಗೆಯಬೇಕೆಂದೇನೂ ಇರಲಿಲ್ಲ. ವಿಭಾಗದಲ್ಲಿ ನನಗಿದ್ದ ಹೆಸರು ಚಾಕುವಿನಿಂದ ಬಂದದ್ದಲ್ಲ, ಅಣಕದಿಂದ ಬಂದದ್ದು. ಪ್ರತಿ ಮಾತನ್ನೂ "ಹ್ಞಾಂ" ಎಂಬ ಹಾರ್ನ್ ಹೊಡೆದೇ ಶುರುಮಾಡುತ್ತಿದ್ದ ನಮ್ಮ ಪ್ರೊಫೆಸರು, ರೋಗಿಯ ಬದಲು ಗಡಿಯಾರವನ್ನೇ ಪರೀಕ್ಷಿಸುವ ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರಿನಲ್ಲಿ ಕತ್ತರಿಗಳನ್ನು ಮಕ್ಕಳಂತೆ ಗದರುವ ಹಿರಿಯ ಸಿಸ್ಟರು, ಎಲ್ಲರೂ ನನ್ನ ಗಂಟಲಲ್ಲಿ ವಾಸವಾಗಿದ್ದರು. ಪ್ರೊಫೆಸರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದೆ ಕನ್ನಡಕ ತೆಗೆದು ಒರೆಸುತ್ತ ನಿಲ್ಲುವ ಒಬ್ಬ ದಡ್ಡನನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೆ ಎಲ್ಲರಿಗಿಂತ ಹೆಚ್ಚು ನಗು ಬೀಳುತ್ತಿತ್ತು. ಆ ದಡ್ಡ ನಾನೇ.

ಪ್ರೊಫೆಸರು ಬಂದು ಆಕೆಯ ಬಲ ಮಣಿಕಟ್ಟಿನ ಹೊರಬದಿಯಲ್ಲಿ ಉಬ್ಬಿಕೊಂಡಿದ್ದ ಮೂಳೆಯ ಗುಂಡನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹಾರ್ಮೋನಿಯಂ ಪಟ್ಟಿಯ ಹಾಗೆ ಕೆಳಗಿಳಿದು, ಬಿಟ್ಟಾಗ ಮೇಲೆದ್ದಿತು.

"ಹ್ಞಾಂ, ಯಾಕ ಹಿಂಗಾಗ್ತೈತೆ?" ಎಂದು ನನ್ನ ಕಡೆ ತಿರುಗಿದರು.

ನಾನು ಕನ್ನಡಕ ಒರೆಸಿದೆ.

ಅವತ್ತು ಸಂಜೆ ಓದಿಕೊಂಡೆ. ರುಮಟಾಯ್ಡ್ ಸಂಧಿವಾತವೆಂದರೆ ಮೂಳೆಯ ಕಾಯಿಲೆ ಎಂದು ಜನ ತಿಳಿದಿರುತ್ತಾರೆ. ಮೂಳೆ ವಿಭಾಗದಲ್ಲಿದ್ದ ನಾನೂ ಹೆಚ್ಚು ಕಡಿಮೆ ಹಾಗೆಯೇ ತಿಳಿದಿದ್ದೆ. ನಿಜವಾಗಿ ಅದು ಮೊದಲು ಹಿಡಿಯುವುದು ಮೂಳೆಗಳನ್ನು ಕೂಡಿಸಿ ಕಟ್ಟಿರುವ ಮೆತ್ತನೆಯ ಭಾಗವನ್ನು. ಕೀಲಿನ ಒಳಗೆ ತೆಳ್ಳನೆಯ ಒಂದು ಪೊರೆಯಿರುತ್ತದೆ. ಕೀಲು ಸರಾಗವಾಗಿ ಜಾರಲು ಬೇಕಾದ ದ್ರವವನ್ನು ಒಸರುವುದಷ್ಟೇ ಅದರ ಕೆಲಸ. ಈ ಕಾಯಿಲೆಯಲ್ಲಿ ಮೈಯ ಕಾವಲುಗಾರರೇ ಆ ಪೊರೆಯ ಮೇಲೆ ಏರಿಹೋಗುತ್ತಾರೆ. ಪೊರೆ ಊದಿಕೊಳ್ಳುತ್ತದೆ, ದಪ್ಪವಾಗುತ್ತದೆ, ಹೊಲದ ಬದುವಿನಿಂದ ಒಳಗೆ ಹಬ್ಬುವ ಗರಿಕೆಯಂತೆ ಅಂಚಿನಿಂದ ಹಬ್ಬಿ ಮೂಳೆಯ ತುದಿಯ ನುಣುಪಾದ ಮೃದ್ವಸ್ಥಿಯನ್ನು ತಿನ್ನುತ್ತ ಬರುತ್ತದೆ. ಮೂಳೆಯಿಂದ ಮೂಳೆಗೆ ಬಿಗಿದ ಕಟ್ಟುಗಳ ನಾರು ಸಡಿಲಾಗುತ್ತದೆ. ಕಟ್ಟು ಸಡಿಲಾದ ಮೇಲೆ ಮೂಳೆ ತನ್ನ ಜಾಗ ಬಿಟ್ಟು ಎದ್ದುಕೊಳ್ಳುತ್ತದೆ. ಆಕೆಯ ಮಣಿಕಟ್ಟಿನಲ್ಲಿ ಎದ್ದುಕೊಂಡದ್ದು ಅದೇ.

ಬೆರಳುಗಳನ್ನು ಮೇಲೆತ್ತುವ ಸ್ನಾಯುರಜ್ಜುಗಳು, ಅಂದರೆ ಮುಂಗೈಯಿಂದ ಬೆರಳಿಗೆ ಬರುವ ಬಿಳಿಯ ಹುರಿಗಳು, ಸರಿಯಾಗಿ ಆ ಮೂಳೆಯ ಮೇಲೆ ಹಾದುಹೋಗುತ್ತವೆ. ಕಾಯಿಲೆಯ ಪೊರೆ ಹುರಿಯ ಎಳೆಗಳ ನಡುವೆ ನುಗ್ಗಿ ಅದನ್ನು ಮೆತ್ತಗೆ ಮಾಡಿರುತ್ತದೆ. ಒರಟಾದ ಮೂಳೆಯ ಅಂಚು ಕೆಳಗಿನಿಂದ ತೇಯುತ್ತಿರುತ್ತದೆ. ಬಾವಿಯ ಒಡೆದ ರಾಟೆಯ ಮೇಲೆ ಓಡಾಡುವ ನೆನೆದ ಹಗ್ಗ ಎಷ್ಟು ದಿನ ತಡೆದೀತು. ಮೊದಲು ಕಿರುಬೆರಳು, ಆಮೇಲೆ ಉಂಗುರಬೆರಳು, ಆಮೇಲೆ ನಡುಬೆರಳು. ರೇಷನ್ ಅಂಗಡಿಯಲ್ಲಿ ನಿಲ್ಲುವ ನಮ್ಮ ಜನಕ್ಕಿಂತ ಶಿಸ್ತಾಗಿ ಅವು ಸಾಲು ಹಿಡಿದು ಹೋಗುತ್ತವೆ.

ಆಕೆಯನ್ನು ವಾರ್ಡಿಗೆ ಸೇರಿಸಿಕೊಂಡೆವು. ಬಲಗೈಯನ್ನು ಬೇಗ ತೆರೆದು, ಕೆಟ್ಟ ಪೊರೆಯನ್ನು ಸುಲಿದು, ಎದ್ದ ಮೂಳೆಯ ತುದಿಯನ್ನು ಕತ್ತರಿಸಿ ತೆಗೆದು, ಉಳಿದ ಹುರಿಗಳನ್ನು ಉಳಿಸಬೇಕು. ಪ್ರೊಫೆಸರು ಹಾಕಿದ ಲೆಕ್ಕ ಇಷ್ಟು ಸರಳವಾಗಿತ್ತು. ಆದರೆ ಆಕೆಯ ಮೈ ಸರಳವಾಗಿರಲಿಲ್ಲ. ಎಷ್ಟೋ ವರ್ಷ ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಗುಳಿಗೆ ನುಂಗಿ ನೋವನ್ನು ಮಲಗಿಸಿದ್ದರು. ಮುಖ ಹುಣ್ಣಿಮೆಯಂತೆ ತುಂಬಿತ್ತು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ರಕ್ತ ಕಡಿಮೆ. ಕತ್ತಿನ ಎಕ್ಸ್‌ರೇ ನೋಡಿದ ಅರಿವಳಿಕೆ ವೈದ್ಯರು ಗಡಿಯಾರ ನೋಡುವುದನ್ನೂ ಮರೆತರು. ಮೇಲಿನ ಎರಡು ಕತ್ತಿನ ಮೂಳೆಗಳ ನಡುವಿನ ಕಟ್ಟೂ ಸಡಿಲಾಗಿತ್ತು. "ಈ ಕುತ್ತಿಗೆ ಹಿಂದಕ್ಕ ಬಗ್ಗಿಸಿ ನಳಿಗೆ ಹಾಕೋ ಕೆಲಸ ನನಗ ಹೇಳಬ್ಯಾಡ್ರಿ" ಎಂದರು. ಪೂರ್ತಿ ಅರಿವಳಿಕೆ ಇಲ್ಲ. ಕಂಕುಳಲ್ಲಿ ಚುಚ್ಚಿ ಒಂದು ತೋಳನ್ನು ಮಾತ್ರ ಮರಗಟ್ಟಿಸಬೇಕು, ಆಕೆ ಎಚ್ಚರವಾಗಿಯೇ ಇರುತ್ತಾರೆ. ಎಡ ಮಣಿಕಟ್ಟಿನಲ್ಲೂ ಅದೇ ಮೂಳೆ ಎದ್ದಿತ್ತು, ಆದರೆ ಎರಡು ಕೈಗೂ ಒಂದೇ ಸಲ ಬ್ಯಾಂಡೇಜು ಕಟ್ಟಿದರೆ ಆ ಮನುಷ್ಯರು ಮುಖ ತೊಳೆಯುವುದು ಹೇಗೆ? ಆದ್ದರಿಂದ ಸದ್ಯಕ್ಕೆ ಒಂದೇ ಕೈ. ಗಾಯ ಮಾಯುವುದನ್ನು ನೋಡಿಕೊಂಡು ಆಮೇಲೆ ಇನ್ನೊಂದು. ಈ ಮೈಯಲ್ಲಿ ಗಾಯ ಮಾಯುವ ಬಗ್ಗೆ ಯಾರೂ ಬಾಜಿ ಕಟ್ಟಲು ಸಿದ್ಧರಿರಲಿಲ್ಲ.

ನನ್ನ ಅಣಕದ ಸುದ್ದಿ ಆಕೆಯ ಕಿವಿಗೂ ಬಿದ್ದಿತ್ತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ರಕ್ತದೊತ್ತಡ ನೋಡುತ್ತಿದ್ದಾಗ, "ಸಣ್ಣ ಡಾಕ್ಟ್ರೇ, ದೊಡ್ಡೋರಂಗ ಮಾತಾಡ್ತೀರಂತಲ್ಲ, ಒಮ್ಮೆ ಮಾಡ್ರಿ ನೋಡಾಣ" ಎಂದರು. ನಾನು ಆಚೆ ಈಚೆ ನೋಡಿ, ಕೈ ಹಿಂದೆ ಕಟ್ಟಿ, ಒಂದು "ಹ್ಞಾಂ" ಬಿಟ್ಟೆ. ಎದುರಿನ ಮಂಚದಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಕುಕ್ಕುವಾಡದ ಅಜ್ಜಿ ನಕ್ಕು, ನಕ್ಕದ್ದಕ್ಕೆ ನೋವಾಗಿ, ನನ್ನನ್ನು ಬೈದರು.

"ಈಗ ನಂದು ಮಾಡ್ರಿ" ಎಂದರು ಹರಿಹರದ ಅಮ್ಮ.

"ಬ್ಯಾಡ ಬಿಡ್ರಮ್ಮ."

"ಯಾಕ, ನಾನೇನು ಅಷ್ಟು ಕಡಿಮಿನಾ? ಎಲ್ಲಾರ್ದೂ ಮಾಡ್ತೀರಿ."

ನಾನು ಸ್ಟೂಲಿನ ಮೇಲೆ ಆಕೆಯಂತೆಯೇ ಕುಳಿತೆ. ನರ್ಸು ಗುಳಿಗೆ ಕೊಡಲು ಬಂದಾಗ ಆಕೆ ಎಡಗೈ ಚಾಚುವ ರೀತಿಯನ್ನು ನಾನು ದಿನಾ ನೋಡುತ್ತಿದ್ದೆ. ಎಡ ಭುಜ ಕೆಳಗೆ ಹೋಗುತ್ತಿತ್ತು, ಮೊಣಕೈ ಹೊಟ್ಟೆಯ ಮುಂದಕ್ಕೆ ಬರುತ್ತಿತ್ತು, ಇಡೀ ಮೈ ಎಡಕ್ಕೆ ವಾಲುತ್ತಿತ್ತು. ಅದನ್ನು ಹಾಗೆಯೇ ಮಾಡಿದೆ. ವಾರ್ಡು ನಕ್ಕಿತು. ನನಗೆ ಮಾತ್ರ ನಡುವೆಯೇ ನಗು ನಿಂತಿತು. ಯಾವುದೇ ನಡಿಗೆಯನ್ನಾಗಲಿ ಭಂಗಿಯನ್ನಾಗಲಿ ನನ್ನ ಮೈಮೇಲೆ ಹಾಕಿಕೊಂಡಾಗ ಅದು ಯಾಕೆ ಹಾಗಿದೆ ಎಂಬುದು ಒಳಗಿನಿಂದ ತಿಳಿಯುತ್ತದೆ. ಹೀಗೆ ವಾಲುವವರು ಸೋಮಾರಿತನಕ್ಕೆ ವಾಲುವುದಿಲ್ಲ. ಮುಂಗೈ ತಿರುಗದಿದ್ದವರು ಅಂಗೈಯನ್ನು ಮೇಲೆ ಮಾಡಬೇಕಾದರೆ ಮೈಯನ್ನೇ ತಿರುಗಿಸಬೇಕಾಗುತ್ತದೆ.

ಎದ್ದು ಆಕೆಯ ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, "ಈಗ ಅಂಗೈ ಮೇಲೆ ಮಾಡ್ರಿ" ಎಂದೆ. ಅಂಗೈ ಗೋಡೆ ನೋಡುವಷ್ಟು ತಿರುಗಿ ಅಲ್ಲಿಯೇ ನಿಂತಿತು.

"ಇದು ನಿಮಗ ಹೆಂಗೆ ಗೊತ್ತಾತು?" ಆಕೆಯ ದನಿ ಸಣ್ಣದಾಗಿತ್ತು. "ಯಾರಿಗೂ ಹೇಳಿಲ್ಲ ನಾನು."

"ಹೇಳಬೇಕಿತ್ತಲ್ಲಮ್ಮ. ಬರೇ ಬಲಗೈ ಅಂತಿದ್ರಿ."

ಆಕೆ ಕೊರಳಿನಿಂದ ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿಯ ಕರಡಿಗೆಯನ್ನು ಸೆರಗಿನ ಮೇಲಿನಿಂದಲೇ ಮುಟ್ಟಿಕೊಂಡರು. ಅದರೊಳಗಿನ ಇಷ್ಟಲಿಂಗವನ್ನು ಮುಂಜಾನೆ ಸ್ನಾನ ಮಾಡಿ ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜೆ ಮಾಡದೆ ಆಕೆ ನೀರು ಕುಡಿದವರಲ್ಲ. ಹಿಂದಿನ ಚಳಿಗಾಲದಲ್ಲಿ ಅಂಗೈ ಸಪಾಟಾಗಿ ನಿಲ್ಲದೆ ಲಿಂಗ ಜಾರಿ ಚಾಪೆಯ ಮೇಲೆ ಬಿತ್ತು. ಅವತ್ತಿಡೀ ಆಕೆ ಉಣ್ಣಲಿಲ್ಲ. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದರು. ಅವರು ಒಳ್ಳೆಯವರು, ಮನಸ್ಸಿನಲ್ಲಿ ಮಾಡಿಕೊಂಡರೂ ಪೂಜೆಯೇ ತಾಯಿ ಎಂದರು. ಅಂದಿನಿಂದ ಯಜಮಾನರು ಎದುರಿಗೆ ಕುಳಿತು ಆಕೆಯ ಕೈ ಕೆಳಗೆ ತಮ್ಮ ಅಂಗೈ ಚಾಚುತ್ತಿದ್ದರು.

"ಅವರು ಹಿಡೀತಾರೆ. ಬ್ಯಾಸರಿಲ್ಲ ಅವರಿಗೆ. ಆದ್ರ ಅದು ಅವರ ಪೂಜಿ ಆಗ್ತೈತೆ, ನಂದಲ್ಲ" ಎಂದರು ಆಕೆ.

ಮರುದಿನ ರೌಂಡ್ಸಿನಲ್ಲಿ ಪ್ರೊಫೆಸರು ಬಲಗೈಯ ದಿನ ಗೊತ್ತುಮಾಡಿದರು. ಆಕೆ ತಲೆ ಅಲ್ಲಾಡಿಸಿದರು.

"ಎಡಗೈ ಮೊದಲು ಮಾಡ್ರಿ."

"ಹ್ಞಾಂ, ಅಮ್ಮಾ, ಎಡಗೈ ಹಗ್ಗ ಗಟ್ಟಿ ಅದಾವ. ಹರಿಯಾಕ ಹತ್ತಿರೋದು ಬಲಗೈದು. ಇವತ್ತೋ ನಾಳೆಯೋ ಉಂಗುರಬೆರಳು ಹೋಗ್ತೈತೆ."

"ಗೊತ್ತೈತ್ರಿ. ಬಲಗೈ ಆಮ್ಯಾಲೆ ಮಾಡ್ರಿ."

"ಹ್ಞಾಂ, ಉಣ್ಣೋದು ಯಾವ ಕೈಲೆ? ಬಲಗೈ ಇಲ್ಲದ ಮನುಷ್ಯ ಹೆಂಗಿರ್ತಾನೆ?"

"ಉಣ್ಣಿಸೋಕೆ ಮಂದಿ ಅದಾರ್ರಿ. ಸೊಸಿ ಅದಾಳೆ, ಇವರದಾರೆ. ಸರ್, ಎರಡೂ ಮಾಡ್ತೀನಂತೀರಿ. ಆದ್ರ ನಿಮ್ಮ ಮುಖ ನೋಡಿದ್ರ ಒಂದೇ ಆಗೋದು ಅನ್ನಂಗ ಐತೆ. ಒಂದೇ ಆಗೋದಾದ್ರ ಯಾವುದು ಅಂತ ನನ್ನ ಕೇಳ್ರಿ. ಕೈ ನಂದು."

ನಮ್ಮ ಪ್ರೊಫೆಸರು ಜಗಳಕ್ಕೆ ಹೆದರುವವರಲ್ಲ. ನಾನು ಒಂದು ಗದರಿಕೆಗಾಗಿ ಕಾದು, ಅದನ್ನು ಆಮೇಲೆ ಹೇಗೆ ಅಣಕಿಸಬೇಕೆಂದು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದೆ. ಅವರು ಆಕೆಯ ಎಡಗೈ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿದರು. ಅವರೂ ಬೆಳಿಗ್ಗೆ ಪೂಜೆ ಮುಗಿಸಿಯೇ ಆಸ್ಪತ್ರೆಗೆ ಬರುವವರು; ಅಂಗಿಯೊಳಗೆ ಅವರದೂ ಒಂದು ಕರಡಿಗೆ ಇತ್ತು. "ಹ್ಞಾಂ, ಎಡಗೈ" ಎಂದು ಮುಂದಿನ ಮಂಚಕ್ಕೆ ನಡೆದರು.

ಹೊರಗೆ ವರಾಂಡದಲ್ಲಿ ನನಗೆ ಹೇಳಿದರು: "ಹ್ಞಾಂ, ಇದು ಪುಸ್ತಕದಾಗಿಲ್ಲ. ಆಕಿ ಬಲಗೈನ ಅಲ್ಲಿತನಕ ಕಾಯೋದು ನಿನ್ನ ಕೆಲಸ. ಒಂದು ಚಮಚ ಸೈತ ಹಿಡೀಬಾರದು. ಮುಷ್ಟಿ ಮಾಡಿದಷ್ಟೂ ಆ ಹಗ್ಗ ಮೂಳಿ ಮ್ಯಾಲೆ ತಿಕ್ಕತೈತೆ."

ಬಲಗೈಗೆ ಬೆರಳ ತುದಿಯವರೆಗೂ ಬರುವ ಪ್ಲಾಸ್ಟರಿನ ಪಟ್ಟಿ ಕಟ್ಟಿದೆ. ಬೆರಳುಗಳು ನೆಟ್ಟಗೆ, ಮಣಿಕಟ್ಟು ತುಸು ಮೇಲೆ. ದಿನಕ್ಕೆ ಹಲವು ಸಲ ಹೋಗಿ ನೋಡುತ್ತಿದ್ದೆ. ಹಾಸಿಗೆಯ ಅಂಚು ಹಿಡಿದರೆ ಗದರುತ್ತಿದ್ದೆ, ಪ್ಲಾಸ್ಟರ್ ಬಿಚ್ಚಿ ತಲೆ ಕೆರೆದುಕೊಂಡರೆ ಗದರುತ್ತಿದ್ದೆ. "ಹಿಡೀಬ್ಯಾಡ್ರಿ" ಎನ್ನುವ ನನ್ನ ದನಿಯನ್ನು ಆಕೆ ಅಣಕಿಸಲು ಶುರುಮಾಡಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಒಮ್ಮೆ ನರ್ಸು ನಾನೇ ಬಂದೆನೆಂದು ತಿರುಗಿ ನೋಡಿದರು. ನನ್ನ ಧಂದೆಗೇ ಪೈಪೋಟಿ.

ಆಪರೇಷನ್ ಒಮ್ಮೆ ಆಕೆಗೆ ಕೆಮ್ಮು ಬಂದು ಮುಂದೆ ಹೋಯಿತು. ಇನ್ನೊಮ್ಮೆ ಸಾಮಾನು ಕುದಿಸುವ ಯಂತ್ರ ಕೆಟ್ಟು ಮುಂದೆ ಹೋಯಿತು. ಪ್ರತಿ ಸಲ ಪಟ್ಟಿ ಬಿಚ್ಚಿ ಉಂಗುರಬೆರಳನ್ನು ನೋಡುತ್ತಿದ್ದೆವು. ಎತ್ತಿದಾಗ ಅದು ನಡುಗುತ್ತಿತ್ತು, ಆದರೆ ಏಳುತ್ತಿತ್ತು. ನಡುಬೆರಳು ಸರಿಯಾಗಿಯೇ ಇತ್ತು.

ಕೊನೆಗೂ ಒಂದು ಬೆಳಿಗ್ಗೆ ಥಿಯೇಟರಿಗೆ ಕರೆದುಕೊಂಡು ಹೋದೆವು. ಬಳೆ, ಮೂಗುತಿ, ಕಾಲುಂಗುರ ಎಲ್ಲವನ್ನೂ ಯಜಮಾನರು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಉಳಿದದ್ದು ಕರಡಿಗೆ. ಅದು ಮೈಬಿಟ್ಟು ಹೋಗುವ ಹಾಗಿಲ್ಲ. ನಮ್ಮೂರಿನ ಯಾವ ಆಸ್ಪತ್ರೆಗೂ ಇದು ಹೊಸದಲ್ಲ. ಎದೆಯ ಮೇಲೆ ಬಟ್ಟೆ ಹೊದಿಸಬೇಕಾದ್ದರಿಂದ ಕರಡಿಗೆಯ ಶಿವದಾರವನ್ನು ಕೊರಳಿನಿಂದ ತೆಗೆದು ಇನ್ನೊಂದು ತೋಳಿಗೆ ಗಾಜ್ ಬಟ್ಟೆಯಿಂದ ಕಟ್ಟುವುದು ಥಿಯೇಟರಿನ ರೂಢಿ. ಹಿರಿಯ ಸಿಸ್ಟರು ಅಂಥ ಗಂಟನ್ನು ಕಣ್ಣು ಮುಚ್ಚಿಕೊಂಡು ಹಾಕಬಲ್ಲವರು. ಅವತ್ತು ಬಲ ತೋಳಿನ ಮೇಲೆ ರಕ್ತದೊತ್ತಡದ ಪಟ್ಟಿಯಿತ್ತು. ಕೆಳಗೆ ಮುಂಗೈಯಲ್ಲಿ ಗ್ಲೂಕೋಸ್ ಸೂಜಿ. ಸೂಜಿ ಹಾಕಲೆಂದೇ ಪ್ಲಾಸ್ಟರ್ ಪಟ್ಟಿಯನ್ನೂ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು.

"ಎಲ್ಲಿ ಕಟ್ಟಲಿ ಸರ್?" ಎಂದರು ಸಿಸ್ಟರು.

"ಹ್ಞಾಂ, ಕೈಯಾಗ ಕೊಡ್ರಿ" ಎಂದರು ಪ್ರೊಫೆಸರು, ಕೈ ತೊಳೆಯುತ್ತ. ಆಮೇಲೆ ಆಕೆಯ ಕಡೆ ನೋಡಿ ಬಹಳ ಮೆತ್ತಗೆ, "ಗಟ್ಟಿಯಾಗಿ ಹಿಡ್ಕೊಳ್ರಿ ಅಮ್ಮಾ, ಏನೂ ಆಗಂಗಿಲ್ಲ" ಎಂದರು.

ಸಿಸ್ಟರು ಕರಡಿಗೆಯನ್ನು ಆಕೆಯ ಬಲಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಆಕೆ ಕಣ್ಣು ಮುಚ್ಚಿದರು. ನಾವೆಲ್ಲ ಅದನ್ನು ನೋಡಿದೆವು. ಆ ಹೊತ್ತಿಗೆ ನಮ್ಮೆಲ್ಲರ ಮನಸ್ಸು ಸಮಾಧಾನವಾಗಿತ್ತೆಂದೇ ನೆನಪು.

ಎಡ ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದೆವು. ಮಣಿಕಟ್ಟಿನ ಮೇಲೆ ಉದ್ದಕ್ಕೆ ನೆಟ್ಟಗೆ ಒಂದು ಗೀರು. ಚರ್ಮ ತೆಳ್ಳಗಿದ್ದರೆ ಅಂಕುಡೊಂಕಾಗಿ ಕೊಯ್ಯಬಾರದು, ತುದಿಗಳು ಸತ್ತುಹೋಗುತ್ತವೆ. ಹುರಿಗಳನ್ನು ಒತ್ತಿ ಹಿಡಿದಿರುವ ಅಡ್ಡ ಪಟ್ಟಿಯನ್ನು ಬಾಗಿಲಿನಂತೆ ಒಂದು ಬದಿಗೆ ತೆರೆದ ಕೂಡಲೇ ಪೊರೆ ಹೊರಗೆ ಉಕ್ಕಿತು. ಕಂದು, ನೇರಳೆ, ಅಲ್ಲಲ್ಲಿ ಹಳದಿ. ಅದರೊಳಗಿನಿಂದ ನುಚ್ಚಕ್ಕಿಯಂಥ ಬಿಳಿಯ ಕಾಳುಗಳು ಬಟ್ಟಲಿಗೆ ಸುರಿದವು. ಕಾಯಿಲೆಯ ಪೊರೆಯ ಸತ್ತ ಚೂರುಗಳೇ ತೇಯ್ದು ತೇಯ್ದು ಹಾಗೆ ಕಾಳಾಗುತ್ತವೆ. ಒಂದೊಂದೇ ಹುರಿಯನ್ನು ಎತ್ತಿ ಹಿಡಿದು ಪ್ರೊಫೆಸರು ಪೊರೆಯನ್ನು ಸುಲಿದರು. ಎಡಗೈಯ ಹುರಿಗಳು ಗಟ್ಟಿ ಎಂದು ನಾವು ತಿಳಿದಿದ್ದೆವು. ಅಲ್ಲಿಯೂ ಒಂದು ಹುರಿ ಹಳೆಯ ಧೋತರದ ಅಂಚಿನಂತೆ ಜೂಲುಜೂಲಾಗಿತ್ತು. ಹೊಳಪಿಲ್ಲ, ಬಿಗಿಯಿಲ್ಲ, ಚಿಮುಟದಲ್ಲಿ ಹಿಡಿದರೆ ಒದ್ದೆ ಹತ್ತಿಯಂತೆ ಬಿಟ್ಟುಕೊಳ್ಳುತ್ತಿತ್ತು.

ಮೂಳೆಯ ತುದಿಯನ್ನು ಗರಗಸದಿಂದ ಕತ್ತರಿಸಿ ತೆಗೆದೆವು. ನಾನು ಮುಂಗೈ ಹಿಡಿದು ತಿರುಗಿಸಿದೆ. ಎಷ್ಟೋ ದಿನದಿಂದ ಗೋಡೆ ನೋಡುತ್ತಿದ್ದ ಅಂಗೈ ಯಾವ ತಡೆಯೂ ಇಲ್ಲದೆ ಮೇಲೆ ತಿರುಗಿ ದೀಪದ ಕೆಳಗೆ ಸಪಾಟಾಗಿ ಮಲಗಿತು.

"ಆತ್ರಿ ಅಮ್ಮಾ. ತಿರುಗ್ತೈತೆ" ಎಂದೆ ಬಟ್ಟೆಯ ಪರದೆಯ ಮೇಲಿನಿಂದ.

"ಹೌದಾ?" ಎಂದರು. ಕಣ್ಣ ಕೊನೆಯಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಬಲಗೈ ಕರಡಿಗೆಯನ್ನು ಇನ್ನೂ ಬಿಗಿಹಿಡಿದಿತ್ತು.

ತೆರೆದ ಅಡ್ಡ ಪಟ್ಟಿಯ ಅರ್ಧವನ್ನು ಹುರಿಗಳ ಕೆಳಗೆ ಹಾಸಿಗೆಯಂತೆ ಹಾಸಿ, ಹೊಲಿದು, ಅಂಗೈ ಮೇಲೆ ನೋಡುವ ಹಾಗೆ ಮೊಣಕೈಯ ಮೇಲಿನವರೆಗೂ ಪ್ಲಾಸ್ಟರ್ ಹಾಕಿದೆವು. ಸಿಸ್ಟರು ಶಿವದಾರವನ್ನು ಮತ್ತೆ ಕೊರಳಿಗೆ ಹಾಕಲು ಕರಡಿಗೆ ಕೇಳಿದರು.

"ತಗೋರಿ" ಎಂದರು ಆಕೆ. ಕೈ ತೆರೆಯಲಿಲ್ಲ. "ತಗೋರಿ ಅಂದ್ರ" ಎಂದು ತಾವೇ ತಮ್ಮ ಕೈ ನೋಡಿಕೊಂಡರು. ಹೆಬ್ಬೆರಳು ಎದ್ದಿತು, ತೋರುಬೆರಳು ಎದ್ದಿತು. ಉಳಿದ ಮೂರು ಕರಡಿಗೆಯ ಮೇಲೆ ಹಾಗೇ ಮಲಗಿದ್ದವು.

"ಇವು ಏಳವಲ್ವು" ಎಂದರು. "ಜೋಮು ಹಿಡಿದಿರಬೇಕು."

ಸಿಸ್ಟರು ಆ ಬೆರಳುಗಳನ್ನು ಎತ್ತಿ ಕರಡಿಗೆ ತೆಗೆದುಕೊಂಡರು. ಬಿಟ್ಟಾಗ ಮೂರೂ ಬಿದ್ದವು. ಪ್ರೊಫೆಸರು ಕೈಗವಸು ಬಿಚ್ಚುತ್ತಿದ್ದರು. "ಹ್ಞಾಂ" ಎಂದರು. ಬಂದು ಆ ಬೆರಳುಗಳನ್ನು ತಾವೂ ಒಮ್ಮೆ ಎತ್ತಿ ಬಿಟ್ಟು ನೋಡಿದರು.

ಬೇರೆ ಏನನ್ನೇ ಆಕೆಯ ಕೈಗೆ ಕೊಟ್ಟಿದ್ದರೂ, ಒಂದು ಕರವಸ್ತ್ರವನ್ನೇ ಆಗಲಿ, ಅಲ್ಲಿದ್ದವರಲ್ಲಿ ಯಾರಾದರೊಬ್ಬರು ಬೇಡ ಎನ್ನುತ್ತಿದ್ದರು. ಆ ಥಿಯೇಟರಿನಲ್ಲಿ ಅರ್ಧಕ್ಕರ್ಧ ಮಂದಿ ಲಿಂಗ ಕಟ್ಟಿಕೊಂಡವರು. ಅದನ್ನು ಮುಷ್ಟಿ ಮಾಡಿ ಹಿಡಿಯುವ ಒಂದು ವಸ್ತು ಎಂದು ನೋಡಲು ನಮ್ಮ ಕಣ್ಣಿಗೆ ಅಭ್ಯಾಸವಿರಲಿಲ್ಲ.

ರೋಗಶಾಸ್ತ್ರ ವಿಭಾಗದ ವೈದ್ಯೆ ಎಡಗೈಯ ಹುರಿಯಿಂದ ತೆಗೆದ ಚೂರಿನ ಸ್ಲೈಡನ್ನು ನನಗೆ ತೋರಿಸಿದರು. ಒಳ್ಳೆಯ ಹುರಿಯಲ್ಲಿ ಕೊಲಾಜೆನ್ ಎಳೆಗಳು ಮಗ್ಗದ ಮೇಲಿನ ಹಾಸಿನಂತೆ ಒಂದೇ ದಿಕ್ಕಿಗೆ ಅಲೆಅಲೆಯಾಗಿ ಕೂಡಿರುತ್ತವೆ. ಇಲ್ಲಿ ಅವು ಚದುರಿದ್ದವು. ನಡುವೆ ನೀಲಿ ಚುಕ್ಕೆಗಳಂಥ ಕಣಗಳು ಕಿಕ್ಕಿರಿದಿದ್ದವು, ಹೊಸ ರಕ್ತನಾಳಗಳು ಬೇರು ಬಿಟ್ಟಿದ್ದವು. "ಚಲೋ ಕೈದೇ ಹಿಂಗಿದ್ರೆ ಬಲಗೈದು ಹೆಂಗಿರ್ಬೇಕು. ಅವತ್ತಲ್ಲ ಅಂದ್ರೆ ಆ ವಾರ ಹೋಗ್ತಿತ್ತು ಬಿಡಪ್ಪ" ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ. ಪ್ರೊಫೆಸರಿಗೆ ಹೋಗಿ ಇದನ್ನೇ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಇರಬಹುದು" ಎಂದರು. ಅವರ ಬಾಯಿಂದ "ಹ್ಞಾಂ" ಇಲ್ಲದೆ ಹೊರಟ ಮೊದಲ ಮಾತು ಅದು. ನಾನು ಆಮೇಲೆ ಅವರನ್ನು ಅಣಕಿಸಲು ಹೋದಾಗಲೆಲ್ಲ ಈ ದನಿಯೇ ಬಂದು, ಕೇಳುವವರಿಗೆ ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಹರಿದ ಹುರಿಗಳನ್ನು ತೋರುಬೆರಳಿನ ಹುರಿಗೆ ಜೋಡಿಸಿ ಹೊಲಿಯುವ ಉಪಾಯವೊಂದಿತ್ತು. ತಡವಾದಷ್ಟೂ ತುದಿಗಳು ಕುಗ್ಗಿ ಮುಂಗೈಯೊಳಗೆ ಹಿಂದೆ ಸರಿಯುತ್ತವೆ, ಆದ್ದರಿಂದ ಬೇಗ ಮಾಡಬೇಕು. ಆದರೆ ಎಡಗೈಯ ಗಾಯದ ನಡುಭಾಗ ಬಾಯಿ ಬಿಟ್ಟಿತು. ಪ್ಲಾಸ್ಟರಿನಲ್ಲಿ ಕಿಟಕಿ ಕತ್ತರಿಸಿ ದಿನಾ ಡ್ರೆಸ್ಸಿಂಗ್ ಮಾಡಿದೆ. ಅದು ಮುಚ್ಚುವಷ್ಟರಲ್ಲಿ ಆಕೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ವಾರಕ್ಕೊಮ್ಮೆ ಕೊಡುತ್ತಿದ್ದ ಸಂಧಿವಾತದ ಗುಳಿಗೆಯನ್ನು ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೇಲೆ ಎಲ್ಲ ಕೀಲುಗಳೂ ಒಟ್ಟಿಗೇ ಬೆಂಕಿ ಹತ್ತಿದಂತೆ ಕೆಂಪಾದವು. ಅರಿವಳಿಕೆ ವೈದ್ಯರು ಬಂದು ನೋಡಿ ಹೋದರು. ಗಡಿಯಾರ ನೋಡಲೇ ಇಲ್ಲ. ಪ್ರೊಫೆಸರು ಎರಡನೇ ಆಪರೇಷನ್ ಕೈಬಿಟ್ಟರು. ಆಕೆಗೆ ಮಾತ್ರ, "ಮೈ ಸುಧಾರಿಸಲಿ, ನೋಡಾಣ" ಎಂದರು.

ಪ್ಲಾಸ್ಟರ್ ತೆಗೆದ ದಿನ ಯಜಮಾನರೂ ಇದ್ದರು. ಎಡ ಮೊಣಕೈಯನ್ನು ಪಕ್ಕೆಗಿಟ್ಟು, "ಮಾಡ್ರಿ" ಎಂದೆ. ಅಂಗೈ ಮೆಲ್ಲಗೆ ತಿರುಗಿ ಮೇಲೆ ಬಂದು ನಿಂತಿತು. ಯಜಮಾನರು ಅದನ್ನು ಬಗ್ಗಿ ನೋಡಿದರು.

"ಇನ್ನ ನನಗ ಮುಂಜಾನಿ ಕೆಲಸಿಲ್ಲ" ಎಂದರು.

"ಅಂಗಡಿ ಬಾಗಿಲರ ಹೊತ್ತಿಗೆ ಸರಿಯಾಗಿ ತೆಗೀರಿ" ಎಂದರು ಆಕೆ.

ಅದಾದ ಮೇಲೆ ಆಕೆ ಒಪಿಡಿಗೆ ಬರಲಿಲ್ಲ. ಪ್ರಯಾಣಕ್ಕೆ ಮಂಡಿಗಳು ಒಪ್ಪುತ್ತಿಲ್ಲವೆಂದು ಯಜಮಾನರು ಒಮ್ಮೆ ಫೋನು ಮಾಡಿದ್ದರು. ಮಳೆಗಾಲ ಕಳೆದ ಮೇಲೆ ಹರಿಹರದಲ್ಲಿ ನಮ್ಮ ವಿಭಾಗದ ತಪಾಸಣಾ ಶಿಬಿರವೊಂದು ನಡೆಯಿತು. ಬೆಳಗಿನ ಬಸ್ಸಿಗೇ ಹೋಗಿ, ಶಿಬಿರ ಶುರುವಾಗುವ ಮುಂಚೆ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಯಜಮಾನರು, "ಬರ್ರಿ ಬರ್ರಿ, ಕೂಡ್ರಿ. ಪೂಜಿಗೆ ಕುಂತಾಳೆ, ಈಗ ಮುಗೀತೈತೆ" ಎಂದು ಪಡಸಾಲೆಯಲ್ಲಿ ಕೂರಿಸಿ ಚಹಾ ಹೇಳಲು ಒಳಗೆ ಹೋದರು.

ಪೂಜೆಯ ಕೋಣೆಯ ಬಾಗಿಲು ತೆರೆದಿತ್ತು. ಆಕೆ ಮಣೆಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು, ಮಂಡಿ ಮಡಚುತ್ತಿರಲಿಲ್ಲ. ಎಡ ಅಂಗೈ ಎದೆಯ ಎತ್ತರಕ್ಕೆ ಬಂದಿತ್ತು. ಮೈ ವಾಲಿರಲಿಲ್ಲ, ಭುಜ ನೆಟ್ಟಗಿತ್ತು. ಅಂಗೈಯ ಮೇಲೆ ಲಿಂಗ ಸ್ವಲ್ಪವೂ ಅಲುಗದೆ ಕುಳಿತಿತ್ತು. ಆಪರೇಷನ್ ಪುಸ್ತಕದ ಚಿತ್ರಕ್ಕೆ ಹಿಡಿಯಬಹುದಾದಂಥ ಕೈ ಅದು. ನಾನು ಹೊರಗೆ ಕುಳಿತೇ ಹಿಗ್ಗಿದೆ.

ಬಲಗೈ ತಟ್ಟೆಯಿಂದ ಒಂದು ಕಣಗಿಲೆ ಹೂ ಎತ್ತಿಕೊಂಡಿತು. ಮೂರು ಬೆರಳು ಅಂಗೈಗೆ ಅಂಟಿದ್ದವು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೂವಿನ ತೊಟ್ಟು. ಕೈ ಲಿಂಗದ ಮೇಲೆ ಬಂದು ನಿಂತಿತು. ಆಕೆಯ ತುಟಿ ಅಲುಗುತ್ತಿತ್ತು. ತುಟಿ ನಿಂತಿತು, ಹೂವು ಬೀಳಲಿಲ್ಲ. ಹೆಬ್ಬೆರಳು ಪಕ್ಕಕ್ಕೆ ಸರಿಯಿತು. ತೋರುಬೆರಳು ಮಾತ್ರ ಬಾಗಿದಂತೆಯೇ ಹೂವನ್ನು ನಡುಬೆರಳಿಗೆ ಒತ್ತಿಕೊಂಡಿತ್ತು. ಆಕೆ ಕಾಯುತ್ತಿದ್ದರು, ಬೆರಳು ಸೋಮಾರಿಯಾಗಿದೆ, ಈಗ ಏಳುತ್ತದೆ ಎನ್ನುವ ಹಾಗೆ. ನನಗೆ ಕಾಯಬೇಕಾಗಿರಲಿಲ್ಲ. ನಾಲ್ಕನೆಯದೂ ಹೋಗಿತ್ತು. ಇನ್ನು ಆ ಕೈಗೆ ಹಿಡಿಯಲು ಬರುತ್ತದೆ, ಬಿಡಲು ಬರುವುದಿಲ್ಲ.

ಆಕೆ ಬಲಗೈಯನ್ನು ಕೆಳಗಿಳಿಸಿ, ಹೂವನ್ನು ಎಡಗೈಯ ಹೆಬ್ಬೆರಳಿನ ಅಂಚಿಗೆ ಹಚ್ಚಿ, ಲಿಂಗ ಅಲುಗದಂತೆ ಜೋಪಾನವಾಗಿ ಒರೆಸಿದರು. ಹೂವು ಕಳಚಿ ಲಿಂಗದ ಮೇಲೆ ಬಿತ್ತು. ತಟ್ಟೆಯಲ್ಲಿ ಇನ್ನೂ ಹೂಗಳಿದ್ದವು. ಕೈ ಮತ್ತೆ ಅಲ್ಲಿಗೆ ಹೋಯಿತು.

ಯಜಮಾನರು ಚಹಾ ತಂದು ನನ್ನ ಮುಂದೆ ಇಟ್ಟು, ಒಳಗೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ, "ಎಡಗೈ ಬಾಳ ಚಲೋ ಆತ್ರಿ ಸರ್" ಎಂದರು. "ಬಲಗೈದು ಯಾವಾಗ ಮಾಡ್ತೀರಿ?"